ಲಾ ಕಾಲೇಜಿನ ಮೇಷ್ಟ್ರು, ರಮಾಬಾಯಿಯ ಗಂಡ

(ಡಿಸೆಂಬರ್ ಆರರ ರಾತ್ರಿ ವಿದ್ಯಾರ್ಥಿ ನಿಲಯವೊಂದರಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರೆದುಕೊಂಡು ಹೋಗಿದ್ದು ಅರ್ಧ, ಅಲ್ಲಿ ಬಾಯಿಗೆ ಬಂದದ್ದು ಅರ್ಧ. ಎರಡನ್ನೂ ಸೇರಿಸಿ ಕೊಟ್ಟಿದ್ದೇನೆ.)

ಗೆಳೆಯರೆ, ಅಕ್ಕತಂಗಿಯರೆ, ಬಾಗಿಲ ಹತ್ತಿರ ನಿಂತೇ ಕೇಳುತ್ತಿರುವ ಅಡುಗೆಮನೆಯ ಅವ್ವಂದಿರೆ,

ನನ್ನನ್ನು ಕವಿ ಅಂತ ಪರಿಚಯ ಮಾಡಿಕೊಟ್ಟಿರಿ. ಇವತ್ತು ಪದ್ಯ ಓದುವುದಿಲ್ಲ. ನಾನು ಓದಿದ್ದು ಬಿ.ಎ. ಕಾನೂನು ಓದಿದವನಲ್ಲ. ಇಲ್ಲಿ ಲಾ ಓದುತ್ತಿರುವವರು ಹತ್ತು ಹನ್ನೆರಡು ಜನ ಇದ್ದೀರಿ. ತಪ್ಪು ಹೇಳಿದರೆ ಅಲ್ಲೇ ತಡೆದು ಕೇಳಿ. ಬೇಜಾರಿಲ್ಲ.

ನಮ್ಮ ಮನೆಯಲ್ಲಿ ಒಂದು ಪಟ ಇದೆ. ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ನೀಲಿ ಕೋಟು, ಟೈ, ಕನ್ನಡಕ, ಕೈಯಲ್ಲಿ ಪುಸ್ತಕ. ನಿಮ್ಮ ಮನೆಗಳಲ್ಲೂ ಇರುತ್ತೆ. ಒಂದು ಸಂಜೆ ದೀಪ ಹಚ್ಚುತ್ತಾ ಅವ್ವ ಕೇಳಿದಳು.

"ಅಲ್ಲ ಕಣ್ ಮಗ, ಈ ಅಯ್ಯ ಕೋಟ್ ಹಾಕ್ಕಂಡು ಯಾವ್ ಕೆಲ್ಸಕ್ ಹೋಯ್ತಿದ್ದ?"

ಸಂವಿಧಾನ ಬರೆದರು ಅಂದೆ.

"ಅದ್ ಗೊತ್ತು ಕಣ್ಲಾ. ಹೊಟ್ಟೆಪಾಡ್ಗೆ ಏನ್ ಮಾಡ್ತಿದ್ದ? ಹೆಂಡ್ರು ಮಕ್ಳು ಇದ್ರಾ? ಅವ್ರೇನ್ ಉಣ್ತಿದ್ರು?"

ನಾನು ಸುಮ್ಮನಾದೆ. ವೇದಿಕೆ ಹತ್ತಿ ಬಾಬಾಸಾಹೇಬರ ಹೆಸರಿನಲ್ಲಿ ಗಂಟೆಗಟ್ಟಲೆ ಗುಡುಗಿದವನು ನಾನು. ಅವ್ವನ ಈ ಸಾದಾ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವನಿಗೆ ಪಟದಲ್ಲಿ ದೇವರು ಕಾಣಲಿಲ್ಲ, ದುಡಿಯಲು ಹೋಗುವ ಒಬ್ಬ ಗಂಡಸು ಕಂಡ. ನಾವು ಮಾತ್ರ ಅವರನ್ನು ಕಲ್ಲು ಮಾಡಿ ಸರ್ಕಲಿನಲ್ಲಿ ನಿಲ್ಲಿಸಿ, ವರ್ಷಕ್ಕೆ ಎರಡು ಸಲ ಹಾರ ಹಾಕಿ ಕೆಳಗಿಳಿದು ಬರುತ್ತಿದ್ದೇವೆ. ಅವ್ವನಿಗೆ ಕೊಡಬೇಕಾಗಿದ್ದ ಉತ್ತರವೇ ಇವತ್ತಿನ ನನ್ನ ಮಾತು.

ಮೊದಲನೇ ಉತ್ತರ: ಅವ್ವ, ಆ ಅಯ್ಯ ಮೇಷ್ಟ್ರಾಗಿದ್ದ. ಕಾನೂನು ಪಾಠ ಹೇಳುವ ಮೇಷ್ಟ್ರು.

ಎರಡನೇ ಉತ್ತರ: ಹೆಂಡತಿ ಇದ್ದರು, ಹೆಸರು ರಮಾಬಾಯಿ. ಐದು ಮಕ್ಕಳಾದವು. ನಾಲ್ಕು ಉಳಿಯಲಿಲ್ಲ.

ಮೂರನೇ ಉತ್ತರ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಅವರ ಅಪ್ಪನಿಂದ ಶುರು ಮಾಡೋಣ. ಮನೆಯಲ್ಲಿ ಅಪ್ಪ ಅನ್ನೋನು ಹೇಗಿರಬೇಕು ಅನ್ನುವುದನ್ನು ಭೀಮರಾವ್ ಕಲಿತದ್ದು ರಾಮಜಿ ಸಕ್ಪಾಲರಿಂದ. ರಾಮಜಿ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ತಾಯಿ ಭೀಮಾಬಾಯಿ ಹುಡುಗ ಚಿಕ್ಕವನಿದ್ದಾಗಲೇ ಹೋದರು. ಸೋದರತ್ತೆ ಮೀರಾಬಾಯಿ ಸಾಕಿದರು. ಬೊಂಬಾಯಿಯ ಪರೇಲ್‌ನ ಚಾಳಿನಲ್ಲಿ ಒಂದೇ ಕೋಣೆ. ಅದೇ ಅಡುಗೆಮನೆ, ಅದೇ ಸೌದೆ ಇಡುವ ಜಾಗ, ಅಲ್ಲೇ ಒಂದು ಆಡು. ಎಲ್ಲರೂ ಒಟ್ಟಿಗೆ ಕಾಲು ಚಾಚುವುದಕ್ಕೆ ಜಾಗ ಇಲ್ಲ. ಅದಕ್ಕೆ ಅಪ್ಪ ಮಗ ಒಂದು ಪಾಳಿ ಮಾಡಿಕೊಂಡಿದ್ದರು. ಮಗ ಸಂಜೆಯೇ ಮಲಗಬೇಕು. ಅಪ್ಪ ರಾತ್ರಿ ಎರಡು ಗಂಟೆವರೆಗೂ ಎದ್ದಿದ್ದು ಮಗನನ್ನು ಎಬ್ಬಿಸಿ, ಆಮೇಲೆ ತಾನು ಅದೇ ಜಾಗದಲ್ಲಿ ಮಲಗಬೇಕು. ಹುಡುಗ ಬುಡ್ಡಿ ದೀಪದಲ್ಲಿ ಬೆಳಗಿನವರೆಗೆ ಓದಬೇಕು. ಮಗ ಪುಸ್ತಕ ಬೇಕು ಅಂದರೆ ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ, ಅವರ ಒಡವೆ ಇಸಕೊಂಡು, ಗಿರವಿ ಇಟ್ಟು ಪುಸ್ತಕ ತರುತ್ತಿದ್ದರು. ಪೆನ್ಶನ್ ಬಂದ ಮೇಲೆ ಬಿಡಿಸಿ ವಾಪಸ್ಸು.

ಇಲ್ಲಿ ಓದುತ್ತಿರುವ ತಮ್ಮಂದಿರೆ, ಇದು ನಿಮಗೆ ಕತೆಯಲ್ಲ. ನಿಮ್ಮ ಕಾಲೇಜು ಫೀಸಿಗೂ ಯಾರೋ ಒಬ್ಬಳ ಕಿವಿಯ ಓಲೆ ಅಂಗಡಿ ಸೇರಿದೆ. ನನ್ನದಕ್ಕಂತೂ ಸೇರಿದೆ. ಅದನ್ನೂ ಆಮೇಲೆ ಹೇಳುತ್ತೇನೆ.

ಮದುವೆ ಆದದ್ದು ಬೈಕುಲಾ ಮಾರ್ಕೆಟ್ಟಿನಲ್ಲಿ. ಹಗಲು ಮೀನು ಮಾರುವ ಜಾಗ. ರಾತ್ರಿ ವ್ಯಾಪಾರ ಮುಗಿದ ಮೇಲೆ ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದು ಮೂಲೆಯಲ್ಲಿ ಹೆಣ್ಣಿನ ಕಡೆಯವರು. ಕಾಲ ಕೆಳಗೆ ಗಲೀಜು ನೀರು. ಬೆಳಗಾಗುವ ಮುಂಚೆ ಎಲ್ಲ ಮುಗಿಸಿ ಜಾಗ ಬಿಡಬೇಕು. ಹುಡುಗನಿಗೆ ಹದಿನೈದರ ಆಜುಬಾಜು, ಹುಡುಗಿಗೆ ಒಂಬತ್ತು. ಹುಡುಗಿಯ ಅಪ್ಪ ದಾಭೋಳದ ಬಂದರಿನಲ್ಲಿ ಮೀನು ಬುಟ್ಟಿ ಹೊತ್ತವನು. ಸಂವಿಧಾನದ ಮನೆತನ ಶುರುವಾದದ್ದು ಮೀನು ಮಾರ್ಕೆಟ್ಟಿನಲ್ಲಿ ಗೆಳೆಯರೆ. ನಾಚಿಕೆ ಪಡಬೇಕಾದವರು ನಾವಲ್ಲ.

1912ರಲ್ಲಿ ಯಶವಂತ ಹುಟ್ಟಿದ. 1913ರ ಫೆಬ್ರವರಿಯಲ್ಲಿ ರಾಮಜಿ ತೀರಿಕೊಂಡರು. ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಭೀಮರಾವ್ ನ್ಯೂಯಾರ್ಕಿಗೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ 1916ರಲ್ಲಿ ಲಂಡನ್ನು. ಅಲ್ಲಿ ಅರ್ಥಶಾಸ್ತ್ರವನ್ನೂ ಹಿಡಿದರು, ಬ್ಯಾರಿಸ್ಟರ್ ಓದಿಗೆ ಗ್ರೇಸ್ ಇನ್ ಅನ್ನೂ ಸೇರಿದರು. ವಿದ್ಯಾರ್ಥಿವೇತನ ಮುಗಿಯಿತು, 1917ರಲ್ಲಿ ಅರ್ಧಕ್ಕೇ ವಾಪಸ್ಸು. ಬರೋಡಾದಲ್ಲಿ ಕೆಲಸ ಕೊಟ್ಟರು, ಇರುವುದಕ್ಕೆ ಸೂರು ಕೊಡಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದ್ದು ನಿಮಗೆಲ್ಲ ಗೊತ್ತು.

ಆಮೇಲೆ ಮೇಷ್ಟ್ರಾದರು. 1918ರ ನವೆಂಬರಿನಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್. ಬೇರೆ ಕಾಲೇಜಿನ ಹುಡುಗರೂ ಅನುಮತಿ ಪಡೆದು ಬಂದು ಕೂತು ಕೇಳುತ್ತಿದ್ದರಂತೆ. ಅಷ್ಟು ಚೆನ್ನಾಗಿ ಪಾಠ ಮಾಡುವ ಮೇಷ್ಟ್ರು ತರಗತಿ ಮುಗಿಸಿ, ಗಂಟಲು ಒಣಗಿ, ಸ್ಟಾಫ್ ರೂಮಿನ ಮಡಕೆಯ ನೀರು ಕುಡಿಯಲು ಹೋದರೆ ಸಹೋದ್ಯೋಗಿಗಳು ತಕರಾರು ತೆಗೆದರು. ನೋಡಿ, ಅವರ ಬಾಯಿಂದ ಬರುವ ವಿದ್ಯೆ ಬೇಕು. ಅದೇ ಬಾಯಿಗೆ ನೀರು ಕೊಡುವುದಕ್ಕೆ ಆಗಲ್ಲ.

ಆ ಸಂಬಳದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದು, 1920ರಲ್ಲಿ ಮತ್ತೆ ಲಂಡನ್ನಿಗೆ. ಅಲ್ಲಿ ಅವರು ಅರೆಹೊಟ್ಟೆ. ರಾತ್ರಿ ಗೆಳೆಯ ಕೊಟ್ಟ ಹಪ್ಪಳ ಸುಟ್ಟು ತಿಂದು ಓದು. ಇಲ್ಲಿ ರಮಾಬಾಯಿಯೂ ಅರೆಹೊಟ್ಟೆ. ಬೆರಣಿ ತಟ್ಟಿ ಮಾರಿ ಸಂಸಾರ ತೂಗಿಸಿದರು ಅಂತ ಮಹಾರಾಷ್ಟ್ರದ ಕೇರಿಗಳಲ್ಲಿ ಈಗಲೂ ಹೇಳುತ್ತಾರೆ. ತೀರಿಕೊಂಡ ಭಾವನ ಹೆಂಡತಿ ಲಕ್ಷ್ಮೀಬಾಯಿ, ಅವರ ಮಗ ಮುಕುಂದ, ಎಲ್ಲರೂ ಅದೇ ಚಾಳಿನ ಮನೆಯಲ್ಲಿ. ಗಂಡ ಬ್ಯಾರಿಸ್ಟರ್ ಆದದ್ದು 1922ರಲ್ಲಿ. ಆ ಬ್ಯಾರಿಸ್ಟರ್ ಗಿರಿಗೆ ಅರ್ಧ ಫೀಸು ಕಟ್ಟಿದವರು ರಮಾಬಾಯಿ ಅಂತ ನಾನು ಲೆಕ್ಕ ಹಾಕುತ್ತೇನೆ. ಯಾವ ರಸೀತಿಯಲ್ಲೂ ಅದು ಇರಲ್ಲ.

1923ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ವಕೀಲಿಕೆ ಶುರು. ಸನದು ಪಡೆಯಲು ದುಡ್ಡಿಲ್ಲ. ಗೆಳೆಯ ನವಲ್ ಭಥೇನಾ ಕೊಟ್ಟರು. ಅಸ್ಪೃಶ್ಯ ವಕೀಲನಿಗೆ ಸಾಲಿಸಿಟರುಗಳು ಕೇಸು ಕೊಡಲಿಲ್ಲ. ಸಣ್ಣ ಊರುಗಳ ಕೋರ್ಟು, ಬಡಪಾಯಿ ಕಕ್ಷಿಗಾರರು, ಪರೇಲ್‌ನ ದಾಮೋದರ್ ಹಾಲ್‌ನಲ್ಲಿ ಆಫೀಸು. ಇದರಿಂದ ಮನೆ ನಡೆಯಲಿಲ್ಲ. ಅದಕ್ಕೆ ಬಾಟ್ಲಿಬಾಯ್ ಅವರ ಅಕೌಂಟೆನ್ಸಿ ಸಂಸ್ಥೆಯಲ್ಲಿ 1925ರಿಂದ 1928ರವರೆಗೆ ವಾಣಿಜ್ಯ ಕಾನೂನು ಪಾಠ ಹೇಳಿದರು. 1928ರ ಜೂನಿನಲ್ಲಿ ಬೊಂಬಾಯಿಯ ಸರ್ಕಾರಿ ಲಾ ಕಾಲೇಜಿನಲ್ಲಿ ಪ್ರೊಫೆಸರ್. 1855ರಲ್ಲಿ ಶುರುವಾದ ಹಳೇ ಕಾಲೇಜು ಅದು. ಸೈಮನ್ ಕಮಿಷನ್ನಿನ ಜೊತೆ ಸಹಕರಿಸಿದರು ಅಂತ ಹುಡುಗರು ಅವರ ತರಗತಿಗೆ ಬಹಿಷ್ಕಾರ ಹಾಕಿದ್ದೂ ಉಂಟು. ಮೇಷ್ಟ್ರು ಬಹಿಷ್ಕಾರಕ್ಕೆ ಹೆದರುವ ಪೈಕಿ ಅಲ್ಲ. ಹುಟ್ಟಿನಿಂದ ಬಹಿಷ್ಕಾರದಲ್ಲೇ ಬೆಳೆದವರು. ಅವರ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'.

ಇನ್ನೊಂದು ಸಂಗತಿ ಕೇಳಿ. 1929ರಲ್ಲಿ ಸರ್ಕಾರದ ಒಂದು ಸಮಿತಿಯ ಸದಸ್ಯರಾಗಿ ಚಾಳೀಸಗಾಂವ್‌ಗೆ ಹೋಗಿದ್ದರು. ಊರಿನ ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ನಮ್ಮವರು, ಮಹಾರರು, ಟಾಂಗಾ ಬಾಡಿಗೆಗೆ ತಂದು ತಾವೇ ಹೊಡೆದರು. ಅಭ್ಯಾಸ ಇಲ್ಲದ ಕೈ. ಮೋರಿಯ ಹತ್ತಿರ ಗಾಡಿ ಮಗುಚಿ ಇವರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಇದನ್ನು ಅವರೇ ಬರೆದಿದ್ದಾರೆ. ಬ್ಯಾರಿಸ್ಟರ್ ಆಗಲಿ, ಲಾ ಪ್ರೊಫೆಸರ್ ಆಗಲಿ, ಊರಿನ ಕಣ್ಣಿಗೆ ಅವನು ಟಾಂಗಾ ಹೊಡೆಯುವವನಿಗಿಂತ ಕೆಳಗೆ. ಡಿಗ್ರಿ ತಗೊಂಡ ಮೇಲೆ ಜಾತಿ ಬಿಟ್ಟು ಹೋಗುತ್ತೆ ಅಂತ ನಂಬಿ ಕೂತಿರುವ ಗೆಳೆಯರು ಈ ಮುರಿದ ಕಾಲನ್ನು ನೆನಪಿಡಬೇಕು.

ಈಗ ಅವರ ಪಾಠಕ್ಕೆ ಬರುತ್ತೇನೆ. ತರಗತಿಯಲ್ಲಿ ಅವರು ಏನು ಹೇಳಿದರು ಅನ್ನೋ ನೋಟ್ಸು ನನ್ನ ಹತ್ತಿರ ಇಲ್ಲ. ಆದರೆ ಅವರ ಒಂದು ಪಾಠ ನಮಗೆಲ್ಲ ಸಿಗುವ ಹಾಗಿದೆ. ಅದು ಮಹಾಡದ ಚವದಾರ್ ಕೆರೆ. ಆ ಪಾಠದ ಹೆಸರು 'ವಾಡಿಕೆ'.

ನಾನು ಚಿಕ್ಕವನಿದ್ದಾಗ ನಮ್ಮೂರಿನ ಹೋಟೆಲಿನಲ್ಲಿ ನಮ್ಮ ಲೋಟ ಬೇರೆ. ಹೊರಗೆ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಕುಡಿದು ನಾವೇ ತೊಳೆದು ಇಡಬೇಕು. ಒಂದು ದಿನ ನಮ್ಮಣ್ಣ ಇದ್ಯಾಕೆ ಅಂತ ಕೇಳಿದ. ಗಲ್ಲಾದ ಮೇಲೆ ಕೂತಿದ್ದವರು ಸಿಟ್ಟೂ ಮಾಡಲಿಲ್ಲ. ನಗುತ್ತಲೇ, "ಹಿಂದ್ಲಿಂದ ನಡಕೊಂಡ್ ಬಂದಿರೋದು ಕಣಪ್ಪ, ವಾಡಿಕೆ" ಅಂದರು. ಮುಗೀತು. ಆ ಒಂದು ಮಾತು ಸಾಕು ನಮ್ಮ ಬಾಯಿ ಮುಚ್ಚಲು. ದೇವಸ್ಥಾನಕ್ಕೆ ಬರಬೇಡ, ವಾಡಿಕೆ. ಹಬ್ಬಕ್ಕೆ ತಮಟೆ ಬಡಿ, ವಾಡಿಕೆ. ಸತ್ತ ದನ ಹೊರು, ವಾಡಿಕೆ.

ಮಹಾಡದಲ್ಲೂ ಇದೇ. 1923ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ನಿರ್ಣಯ ಪಾಸಾಯಿತು. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ. ಮಹಾಡದ ಪುರಸಭೆಯೂ ಕೆರೆ ಮುಕ್ತ ಅಂತ ಬರೆದುಕೊಂಡಿತು. ಹಕ್ಕು ಕಾಗದದಲ್ಲಿ, ನೀರು ಕೆರೆಯಲ್ಲಿ, ನಾವು ಕೇರಿಯಲ್ಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ಆ ನೀರು ಕುಡಿದರು. ಆಮೇಲೆ ಹೊಡೆದಾಟ. ಆಮೇಲೆ ಮೇಲ್ಜಾತಿಯವರು ನೂರೆಂಟು ಕೊಡ ನೀರು ತೆಗೆದು, ಸಗಣಿ ಗಂಜಲ ಮೊಸರು ಬೆರೆಸಿ ಮಂತ್ರ ಹೇಳಿ ಕೆರೆ ಶುದ್ಧ ಮಾಡಿಕೊಂಡರು. ಮನುಷ್ಯ ಮುಟ್ಟಿದ ನೀರಿಗೆ ಸಗಣಿ ಔಷಧಿ!

ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಅಂತ ಗೊತ್ತಾಗಿತ್ತು. ಅಷ್ಟರಲ್ಲಿ ಅವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಕೆರೆ ನಮ್ಮ ಖಾಸಗಿ ಸ್ವತ್ತು, ಅನಾದಿಕಾಲದಿಂದ ಅಸ್ಪೃಶ್ಯರು ಇದನ್ನು ಮುಟ್ಟಿಲ್ಲ, ಇದು ವಾಡಿಕೆ ಅಂತ ದಾವೆ. ಡಿಸೆಂಬರ್ 25ರಂದು ಬಂದು ಸೇರಿದ್ದ ಜನ ಜೈಲಿಗೆ ಹೋಗಲೂ ಸಿದ್ಧವಾಗಿದ್ದರು. ಅವತ್ತು ಮನುಸ್ಮೃತಿ ಸುಟ್ಟರು. ಆದರೆ ಕೆರೆಗೆ ಇಳಿಯಬೇಡಿ ಅಂತ ಬಾಬಾಸಾಹೇಬರೇ ಜನರನ್ನು ಒಪ್ಪಿಸಿದರು. ಜನ ಕೆರೆಯ ಸುತ್ತ ಮೆರವಣಿಗೆ ಹೋಗಿ ವಾಪಸ್ಸಾದರು.

ಹೆದರಿದರಾ? ನಾನು ಕಾಲೇಜಿನಲ್ಲಿದ್ದಾಗ ಹಾಗೇ ಅಂದುಕೊಂಡಿದ್ದೆ. ಗೆಳೆಯರ ಜೊತೆ ಜಗಳ ಕೂಡ ಆಡಿದ್ದೆ. ಈಗ ಅನ್ನಿಸುತ್ತೆ, ಅವತ್ತು ಅವರು ಒಂದು ಬೊಗಸೆ ನೀರು ಬಿಟ್ಟು ಇಡೀ ವಾಡಿಕೆಯನ್ನೇ ಕಟಕಟೆಗೆ ತರಲು ಹೊರಟಿದ್ದರು. ಕೋರ್ಟಿನಲ್ಲಿ ಪ್ರಶ್ನೆ ಉಲ್ಟಾ ಆಯಿತು. ನೀನು ಯಾಕೆ ಮುಟ್ಟಿದೆ ಅಂತ ನಮ್ಮನ್ನು ಕೇಳುವುದಲ್ಲ. ಯಾವತ್ತಿನಿಂದ ನಿಮ್ಮ ವಾಡಿಕೆ, ರುಜುವಾತು ತನ್ನಿ ಅಂತ ಅವರನ್ನು ಕೇಳುವುದು. ಪುರಸಭೆಯ ಕೆರೆ. ಬೇರೆ ಧರ್ಮದವರು ನೀರು ತಗೋಬಹುದು. ಇವರು ಮಾತ್ರ ಯಾವಾಗಿನಿಂದ ಮುಟ್ಟಬಾರದು? ಹತ್ತು ವರ್ಷ ಕೇಸು ನಡೆಯಿತು. 1937ರ ಮಾರ್ಚ್ 17ರಂದು ಬೊಂಬಾಯಿ ಹೈಕೋರ್ಟು ತೀರ್ಪು ಕೊಟ್ಟಿತು. ಅನಾದಿಯಿಂದ ಬಂದ ವಾಡಿಕೆ ಅಂತ ಮೇಲ್ಜಾತಿಯವರು ಸಾಬೀತು ಮಾಡಲಿಲ್ಲ. ಕೆರೆ ಗೆದ್ದೆವು.

ಆ ದಿನ ನಮ್ಮ ಮೇಷ್ಟ್ರು ಯಾವ ಹುದ್ದೆಯಲ್ಲಿದ್ದರು ಗೊತ್ತೆ? ಅದೇ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್. ನ್ಯಾಯಶಾಸ್ತ್ರದ ಪ್ರೊಫೆಸರ್.

ಈ ಪಾಠ ಅಲ್ಲಿಗೇ ನಿಲ್ಲಲಿಲ್ಲ. ಲಾ ಓದುವವರು ಇವತ್ತೇ ರೂಮಿಗೆ ಹೋಗಿ ಸಂವಿಧಾನದ 13ನೇ ವಿಧಿ ತೆಗೆದು ನೋಡಿ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ನಡೆಯಲ್ಲ ಅಂತಿದೆ. 'ಕಾನೂನು' ಅಂದರೆ ಏನು ಅಂತ ಹೇಳುವಾಗ ರೂಢಿ, ಸಂಪ್ರದಾಯವನ್ನೂ ಸೇರಿಸಿದೆ. 15ನೇ ವಿಧಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದು ಬರೆದಿದೆ. ಒಂದು ದೇಶದ ಸಂವಿಧಾನದಲ್ಲಿ ಹೋಟೆಲಿಗೂ ಕೆರೆಗೂ ಏನು ಕೆಲಸ ಅಂತ ದೊಡ್ಡ ಮನುಷ್ಯರಿಗೆ ಅನ್ನಿಸಬಹುದು. ನಮಗೆ ಅನ್ನಿಸಲ್ಲ. ಕರಡು ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಚವದಾರ್ ಕೆರೆಯ ನೀರು ಕುಡಿದ ಮನುಷ್ಯ ಕೂತಿದ್ದರು. ನಮ್ಮಣ್ಣ ಹೋಟೆಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ನಮಗೆ ಹೇಳಿಕೊಡುವ ಮೇಷ್ಟ್ರು ಇರಲಿಲ್ಲ ಅಷ್ಟೆ.

ಈಗ ಅವ್ವನ ಎರಡನೇ ಪ್ರಶ್ನೆ. ಹೆಂಡ್ರು ಮಕ್ಕಳು.

ಗಂಗಾಧರ, ರಮೇಶ, ಇಂದು, ರಾಜರತ್ನ. ಈ ನಾಲ್ಕು ಹೆಸರನ್ನು ನೀವು ಯಾವ ಭಾಷಣದಲ್ಲಾದರೂ ಕೇಳಿದ್ದೀರಾ? ನಾಲ್ಕೂ ಎಳೆಯ ಮಕ್ಕಳಿದ್ದಾಗಲೇ ಹೋದವು. ಕೊನೆಯವನು ರಾಜರತ್ನ, ಅಪ್ಪನಿಗೆ ಬಲು ಮುದ್ದು. 1926ರ ಜುಲೈಯಲ್ಲಿ ತೀರಿಕೊಂಡ. ಬಾಬಾಸಾಹೇಬರು ಗೆಳೆಯರೊಬ್ಬರಿಗೆ ಪತ್ರ ಬರೆದು, ತಾವೂ ರಮಾಬಾಯಿಯೂ ಮುರಿದು ಹೋಗಿರುವುದನ್ನು ತೋಡಿಕೊಂಡರು. ಆ ಅಕ್ಟೋಬರಿನಲ್ಲಿ ಪುಣೆಯ ಕೋರ್ಟಿನಲ್ಲಿ ಬಾಗಡೆ, ಜೇಧೆ, ಜವಳಕರ್ ಅವರ ಮಾನನಷ್ಟದ ಕೇಸಿನಲ್ಲಿ ವಾದಿಸಿ ಗೆದ್ದರು. ಬ್ರಾಹ್ಮಣಶಾಹಿಯ ವಿರುದ್ಧ ಪುಸ್ತಿಕೆ ತಂದವರ ಕೇಸು. ಮುಂದಿನ ಮಾರ್ಚಿನಲ್ಲಿ ಮಹಾಡ. ಅಂದರೆ ಕೆರೆಗೆ ಇಳಿದ ಆ ಮನುಷ್ಯನ ಮನೆಯಲ್ಲಿ ತೊಟ್ಟಿಲು ಖಾಲಿಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಪಟದಲ್ಲಿ ಇದು ಕಾಣಲ್ಲ.

ಯಾಕೆ ಸತ್ತವು ಆ ಮಕ್ಕಳು? ಚಾಳಿನ ಕೋಣೆ, ಗಾಳಿ ಬೆಳಕಿಲ್ಲ, ಔಷಧಿಗೆ ದುಡ್ಡಿಲ್ಲ. ಬಡತನ. ಉಳಿದ ಯಶವಂತನಿಗೂ ಮೈ ನೆಟ್ಟಗಿರಲಿಲ್ಲ.

ರಮಾಬಾಯಿ ವ್ರತ ಉಪವಾಸದ ಹೆಣ್ಣುಮಗಳು. ಪಂಢರಪುರಕ್ಕೆ ಹೋಗಿ ವಿಠೋಬನನ್ನು ನೋಡಬೇಕು ಅಂತ ಆಸೆ ಪಟ್ಟರು. ಗಂಡ ಬೇಡ ಅಂದರು. ಹೋದರೂ ಹೊರಗೆ ದೂರದಲ್ಲಿ ನಿಂತು ಕೈ ಮುಗಿಯಬೇಕು, ನಮ್ಮನ್ನು ಒಳಗೆ ಬಿಡದ ಪಂಢರಪುರ ಯಾಕೆ, ನಾವೇ ಬೇರೆ ಪಂಢರಪುರ ಕಟ್ಟೋಣ ಅಂದರಂತೆ. ಆಕೆ ಹೋಗಲೇ ಇಲ್ಲ. ಗಂಡನ ಮಾತು ನ್ಯಾಯವಾದದ್ದು. ಆದರೂ ಆ ಆಸೆ ನ್ಯಾಯವಾದದ್ದಲ್ಲ ಅಂತ ಹೇಳಲು ನನಗೆ ಬಾಯಿ ಬರಲ್ಲ. ನಮ್ಮವ್ವನಿಗೂ ಇಂಥ ಆಸೆಗಳಿವೆ.

ನಮ್ಮ ನಾಡಿನ ಒಂದು ಮಾತು ಇಲ್ಲಿ ಸೇರಿಸಬೇಕು. 1929ರಲ್ಲಿ ಧಾರವಾಡದಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಬಾಬಾಸಾಹೇಬರು ಒಂದು ವಿದ್ಯಾರ್ಥಿ ನಿಲಯ ಶುರು ಮಾಡಿಸಿದರು. ಬಲವಂತರಾವ್ ವರಾಳೆ ನೋಡಿಕೊಳ್ಳುತ್ತಿದ್ದರು. ರಮಾಬಾಯಿ ಆರೋಗ್ಯ ಸುಧಾರಿಸಲಿ ಅಂತ ಅಲ್ಲಿಗೆ ಬಂದು ಉಳಿದಿದ್ದರು. ಆ ಕಡೆಯ ಜನ ಹೇಳುವುದು ಹೀಗೆ: ಸರ್ಕಾರದ ದುಡ್ಡು ಬರುವುದು ತಡವಾಗಿ ಅಡುಗೆ ನಿಂತಿತ್ತು, ಮಕ್ಕಳು ಹಸಿದಿದ್ದವು. ರಮಾಬಾಯಿ ಕೈಯ ಬಳೆ ಬಿಚ್ಚಿಕೊಟ್ಟು ಕಾಳು ಕಡಿ ತರಿಸಿದರು. ನಾಲ್ಕು ಮಕ್ಕಳನ್ನು ಕಳೆದುಕೊಂಡ ತಾಯಿ ಪರಸ್ಥಳದ ಮಕ್ಕಳಿಗೆ ಉಣ್ಣಲು ಇಟ್ಟಳು. ಈಗ ನೀವು ಕೂತಿರುವ ಈ ಹಾಸ್ಟೆಲು ಸರ್ಕಾರ ಕೊಟ್ಟದ್ದು ಅಂತ ಬೋರ್ಡಿನಲ್ಲಿದೆ. ಬೋರ್ಡಿನ ಹಿಂದೆ ಬಳೆ ಇಲ್ಲದ ಎರಡು ಕೈ ಇದೆ.

ಮೂವತ್ತರ ದಶಕದ ಆರಂಭದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ 'ರಾಜಗೃಹ' ಕಟ್ಟಿಸಿದರು. ಮುಖ್ಯವಾಗಿ ಪುಸ್ತಕಗಳಿಗೋಸ್ಕರ. ಚಾಳಿನಿಂದ ಕೊನೆಗೂ ಸ್ವಂತ ಮನೆಗೆ ಬಂದ ರಮಾಬಾಯಿ ಅಲ್ಲಿ ಬಹಳ ದಿನ ಬಾಳಲಿಲ್ಲ. 1935ರ ಮೇ 27ರಂದು ತೀರಿಕೊಂಡರು. ಇನ್ನೂ ನಲವತ್ತು ತುಂಬಿರಲಿಲ್ಲ. ಬಾಬಾಸಾಹೇಬರು ಕೋಣೆ ಸೇರಿಕೊಂಡು ಮಗುವಿನ ಹಾಗೆ ಅತ್ತರು.

ಲಾ ಕಾಲೇಜಿನ ಪ್ರಿನ್ಸಿಪಾಲ್ ಹುದ್ದೆ ಬಂದದ್ದು ಅದರ ಮರುತಿಂಗಳು, ಜೂನಿನಲ್ಲಿ. ಮೀನು ಮಾರ್ಕೆಟ್ಟಿನಲ್ಲಿ ಕೈ ಹಿಡಿದವಳು ಗಂಡ ಆ ಕುರ್ಚಿಯಲ್ಲಿ ಕೂತದ್ದನ್ನು ನೋಡಲಿಲ್ಲ. ಆ ಕುರ್ಚಿಯಿಂದಲೇ ಅವರು 1935ರ ಅಕ್ಟೋಬರಿನಲ್ಲಿ ಯೇವಲಾಕ್ಕೆ ಹೋಗಿ, ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. ಆ ಕುರ್ಚಿಯಲ್ಲಿದ್ದಾಗಲೇ 1936ರಲ್ಲಿ 'ಜಾತಿ ವಿನಾಶ' ಬರೆದರು, ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು, ಕಾನೂನು ಶಿಕ್ಷಣ ಹೇಗೆ ಸುಧಾರಿಸಬೇಕು ಅಂತ ಕಾಲೇಜಿನ ಪತ್ರಿಕೆಗೂ ಬರೆದರು. 1937ರಲ್ಲಿ ಶಾಸನಸಭೆಗೆ ಗೆದ್ದರು. 1938ರ ಜನವರಿಯಲ್ಲಿ ಖೋತಿ ಪದ್ಧತಿಯ ವಿರುದ್ಧ ರೈತರ ಮೆರವಣಿಗೆ ತಂದು ಶಾಸನಸಭೆಯ ಮುಂದೆ ನಿಲ್ಲಿಸಿದರು. ಆ ವರ್ಷ ಪ್ರಿನ್ಸಿಪಾಲ್ ಗಿರಿ ಬಿಟ್ಟರು. ಈಗಿನ ಕೆಲವು ಮೇಷ್ಟ್ರುಗಳು ಸರ್ಕಾರಿ ನೌಕರಿ, ಚಳವಳಿಗೆ ಬರಲಾಗಲ್ಲ ಅಂತ ನಮಗೆ ಹೇಳಿ ಕಳಿಸುತ್ತಾರೆ. ಅವರಿಗೆ ಈ ಮೂರು ವರ್ಷದ ಲೆಕ್ಕ ಓದಿ ಹೇಳಬೇಕು.

ಪಾಕಿಸ್ತಾನದ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನು ಅವರು 'ರಾಮು'ವಿನ ನೆನಪಿಗೆ ಅರ್ಪಿಸಿದರು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದು. ದುಡ್ಡಿಲ್ಲದ, ಗೆಳೆಯರಿಲ್ಲದ ದಿನಗಳಲ್ಲಿ ಜೊತೆಗೆ ಕಷ್ಟಪಟ್ಟವಳು ಅಂತ ನೆನೆದರು. ಆಕೆಗೆ ಅದನ್ನು ಓದಲು ಆಗಲಿಲ್ಲ.

ಈಗ ಕಷ್ಟದ ಮಾತು. ಬಾಬಾಸಾಹೇಬರು ಒಳ್ಳೆಯ ಸಂಸಾರಿಯಾಗಿದ್ದರೆ? ಒಳ್ಳೆಯವರು ಅಂತ ನಾನು ಚಪ್ಪಾಳೆಗೆ ಹೇಳಬಹುದು. ನನ್ನ ಪ್ರಕಾರ ಅವರು ಪ್ರೀತಿಯ ಅಪ್ಪ, ಪ್ರೀತಿಯ ಗಂಡ. ಅಣ್ಣನ ಹೆಂಡತಿ ಮಗುವನ್ನು ಕೈಬಿಡದ ಮನುಷ್ಯ. ಬಿಡುವಾದಾಗ ತಾವೇ ಅಡುಗೆ ಮಾಡುವುದು ಅವರಿಗೆ ಇಷ್ಟ. ಆದರೆ ಮನೆಗೆ ಕೊಡಬೇಕಾದ ಹೊತ್ತನ್ನು ಅವರು ಕೊಡಲಿಲ್ಲ. ಅದು ಅವರಿಗೇ ಗೊತ್ತಿತ್ತು. ಅದಕ್ಕೇ ಆ ಅಳು, ಅದಕ್ಕೇ ಆ ಅರ್ಪಣೆ. ಅವರ ಹೊತ್ತನ್ನು ತಗೊಂಡವರು ಯಾರು? ನಾವು. ನೀವು, ನಾನು, ಇಲ್ಲಿ ಕೂತಿರುವ ಎಲ್ಲರೂ. ಇಂದುವಿನ ಹೊತ್ತನ್ನು, ರಾಜರತ್ನನ ಹೊತ್ತನ್ನು ಉಂಡು ಬೆಳೆದವರು ನಾವು.

ಇದನ್ನು ಬಂಡವಾಳ ಮಾಡಿಕೊಂಡು ನಮ್ಮಲ್ಲಿ ಕೆಲವರು ಬಾಬಾಸಾಹೇಬರೇ ಮನೆ ನೋಡಲಿಲ್ಲ, ನಾವ್ಯಾಕೆ ನೋಡಬೇಕು ಅಂತ ತಿರುಗುತ್ತಿದ್ದಾರೆ. ನನ್ನ ಮನೆಯದನ್ನೇ ಹೇಳುತ್ತೇನೆ, ಬೇರೆಯವರದ್ದು ಬೇಡ. ನಮ್ಮಣ್ಣ ಚಳವಳಿಯಲ್ಲಿ ಇದಾನೆ. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದಾನೆ. ನನಗೆ ಅಕ್ಷರ ಕಲಿಸಿದವನು, ಲೋಟದ ಪ್ರಶ್ನೆ ಕೇಳಿದವನು ಅವನೇ. ನನ್ನ ಬಿ.ಎ. ಮೊದಲ ವರ್ಷದ ಫೀಸು ಕಟ್ಟಿದ್ದು ನಮ್ಮತ್ತಿಗೆಯ ಓಲೆ. ಎರಡನೇ ವರ್ಷದ್ದು ಅವರ ಕೂಲಿ. ನಮ್ಮ ಮನೆಯಲ್ಲಿ ರಾತ್ರಿ ಸಭೆ ನಡೆದರೆ ಹದಿನೈದು ಜನಕ್ಕೆ ಮುದ್ದೆ ಸಾರು ಮಾಡುವವರು ಅವರು. ನಾವು ಉಂಡು ಕೈ ತೊಳೆದು ಸಮಾನತೆಯ ಬಗ್ಗೆ ಮಾತಾಡುತ್ತೇವೆ. ಅತ್ತಿಗೆ ಊಟ ಆಯಿತಾ ಅಂತ ಈ ಹತ್ತು ವರ್ಷದಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ. ನಾನೂ ಕೇಳಿಲ್ಲ. ಯಾಕೆ ಕೇಳಿಲ್ಲ? ಅದೂ ಒಂದು ವಾಡಿಕೆ. ಹಿಂದಿನಿಂದ ನಡಕೊಂಡು ಬಂದದ್ದು.

ಹೋಟೆಲಿನ ಲೋಟಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಒಲೆಯ ಮುಂದೆ ನಾವು ಕೇಳಲಿಲ್ಲ. ಬಾಬಾಸಾಹೇಬರು ಕೇಳಿದರು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂ​ದೂ ಕೋಡ್ ಬಿಲ್ಲಿಗಾಗಿ ಹಟ ಹಿಡಿದರು. ಅದನ್ನು ಕೈಬಿಟ್ಟಾಗ 1951ರಲ್ಲಿ ಕಾನೂನು ಮಂತ್ರಿ ಪದವಿಯನ್ನು ಬಿಟ್ಟು ಬಂದರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಹೆಣ್ಣುಮಕ್ಕಳ ಕಾನೂನು ಅದರಲ್ಲಿ ದೊಡ್ಡದು. ರಮಾಬಾಯಿಯ ಸಾಲವನ್ನು ಮೇಷ್ಟ್ರು ತೀರಿಸಲು ನೋಡಿದ ರೀತಿ ಅದು ಅಂತ ನನಗೆ ಅನ್ನಿಸುತ್ತೆ.

ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆ, ಕಾಲು ನೋವು, ನಿದ್ದೆ ಇಲ್ಲ. 1948ರ ಏಪ್ರಿಲ್ 15ರಂದು ಡಾಕ್ಟರ್ ಶಾರದಾ ಕಬೀರ್ ಅವರನ್ನು ಮದುವೆಯಾದರು. ಸವಿತಾ ಅಂತ ಹೆಸರಾಯಿತು. ಆ ತಾಯಿ ಅವರ ಆರೈಕೆ ಮಾಡಿದರು. ಮೈ ಕುಸಿದರೂ ಮೇಷ್ಟ್ರುತನ ಕುಸಿಯಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಬೊಂಬಾಯಿಯ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನ ಕಾಲೇಜು. 1956ರಲ್ಲಿ, ಸಾಯುವ ವರ್ಷ, ಸಿದ್ಧಾರ್ಥ ಲಾ ಕಾಲೇಜು. ಮಡಕೆಯ ನೀರು ಕುಡಿಯಬೇಡ ಅನ್ನಿಸಿಕೊಂಡ ಮೇಷ್ಟ್ರು ಹೋಗುವ ಮುಂಚೆ ನಮ್ಮ ಮಕ್ಕಳು ಕಾನೂನು ಓದುವುದಕ್ಕೆ ತಾವೇ ಕಾಲೇಜು ಕಟ್ಟಿ ಹೋದರು. 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿದ್ದೆಯಲ್ಲೇ ಹೋದರು. ಮರುದಿನ ದಾದರಿನ ಕಡಲ ತೀರದಲ್ಲಿ ಲಕ್ಷಾಂತರ ಜನ. ಅದರಲ್ಲಿ ಅವರ ತರಗತಿಯಲ್ಲಿ ಕೂತವರು ಎಷ್ಟೋ, ಆದರೆ ಶಿಷ್ಯರಲ್ಲದವರು ಒಬ್ಬರೂ ಇರಲಿಲ್ಲ.

ಅವ್ವನ ಮೂರನೇ ಪ್ರಶ್ನೆ ಉಳಿಯಿತು. ಅವರೇನು ಉಣ್ಣುತ್ತಿದ್ದರು?

ಅವ್ವ, ಮನೆಯವರು ಅರೆಹೊಟ್ಟೆ ಉಂಡರು. ನಾವು ಉಣ್ಣಲಿ ಅಂತ.

ಆದ್ದರಿಂದ ಇವತ್ತು ಮೂರೇ ಮಾತು ಕೇಳಿಕೊಳ್ಳುತ್ತೇನೆ. ಕಾನೂನು ಓದುವ ತಮ್ಮಂದಿರು, ತಂಗಿಯರು ಮಧ್ಯದಲ್ಲಿ ಬಿಡಬೇಡಿ. ಇಂಗ್ಲಿಷು ಬರಲ್ಲ, ಕೋಟಿಗೆ ದುಡ್ಡಿಲ್ಲ, ಸೀನಿಯರು ಹತ್ತಿರ ಸೇರಿಸಲ್ಲ, ಎಲ್ಲ ನಿಜ. ಸನದಿಗೆ ಸಾಲ ಮಾಡಿದವರ ಶಿಷ್ಯರು ನೀವು. ಎರಡನೆಯದು, ಊರಿನಲ್ಲಿ ಯಾರಾದರೂ ವಾಡಿಕೆ ಅಂದರೆ ತಲೆ ತಗ್ಗಿಸಬೇಡಿ, ಕಲ್ಲೂ ಎತ್ತಬೇಡಿ. ಮೇಷ್ಟ್ರು ಕಲಿಸಿದ ಪ್ರಶ್ನೆ ಕೇಳಿ: ಯಾವತ್ತಿನಿಂದ? ರುಜುವಾತು ಎಲ್ಲಿ? ಮೂರನೆಯದು, ಸಭೆ ಮುಗಿಸಿ ಮನೆಗೆ ಹೋದ ಮೇಲೆ ಊಟಕ್ಕೆ ಕೂರುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: ನೀನು ಉಂಡೆಯಾ? ಬಡಿಸಿಕೊಂಡು ಕೊಡಿ. ತಟ್ಟೆ ತೊಳೆದಿಡಿ. ಚಳವಳಿ ಚಿಕ್ಕದಾಗಲ್ಲ.

ಇಷ್ಟನ್ನೂ ಮೊನ್ನೆ ಅವ್ವನಿಗೆ ಹೇಳಿದೆ. ದೀಪ ಹಚ್ಚಿದವಳು ಎಣ್ಣೆ ಕೈಯಲ್ಲೇ ಬಹಳ ಹೊತ್ತು ಪಟ ನೋಡುತ್ತಾ ನಿಂತಳು. ಆಮೇಲೆ ಗೋಡೆಯ ಮೇಲಿದ್ದ ಹಳೇ ಕ್ಯಾಲೆಂಡರು ಕಿತ್ತು ಪಟದ ಪಕ್ಕ ಜಾಗ ಮಾಡಿದಳು.

"ಆವಮ್ಮನ್ ಪಟನೂ ಒಂದ್ ತಕ್ಕಂಡ್ ಬಾ ಮಗ" ಅಂದಳು.

ನಾಳೆ ತಗೊಂಡು ಹೋಗುತ್ತೇನೆ.

ಜೈ ಭೀಮ್.